ಸಣ್ಣ ವಿಮಾನದ ಎಂಜಿನ್ ತೊಳೆದು ಆಯಿಲ್ ಸೋರಿಕೆ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಜಕ್ಕೂರು ವಿಮಾನ ನಿಲ್ದಾಣದ ಸುತ್ತಮುತ್ತ ಹಾರಾಟ ಕಲಿಯುವವರು, ಸ್ವಂತ ವಿಮಾನ ಇಟ್ಟುಕೊಂಡವರು, ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಪರೀಕ್ಷೆಗೆ ಓದುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಸೆಸ್ನಾ 152, ಸೆಸ್ನಾ 172ರಂಥ ವಿಮಾನಗಳಲ್ಲಿರುವ, ಗಾಳಿಯಿಂದ ತಣಿಯುವ ಲೈಕಮಿಂಗ್ ಮತ್ತು ಕಾಂಟಿನೆಂಟಲ್ ಎಂಜಿನ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದೆ. ರೋಟ್ಯಾಕ್ಸ್ ಕಂಪನಿಯ ಎಂಜಿನ್ ಇರುವವರಿಗೆ ಕೊನೆಯ ಕಡೆ ಒಂದು ಪ್ರಶ್ನೆ ಮೀಸಲು. ನಿಮ್ಮ ವಿಮಾನದ ನಿರ್ವಹಣಾ ಕೈಪಿಡಿ ಇಲ್ಲಿರುವುದಕ್ಕಿಂತ ಬೇರೆ ಮಾತು ಹೇಳಿದರೆ ಕೈಪಿಡಿಯ ಮಾತೇ ನಡೆಯಬೇಕು.

ಕೌಲಿಂಗ್ (ಎಂಜಿನ್ ಮುಚ್ಚುವ ಹೊರಹೊದಿಕೆ) ಬಿಚ್ಚಿದ್ದೇವೆ. ಎಂಜಿನ್ ಪೂರ್ತಿ ಆಯಿಲ್ ಮೆತ್ತಿಕೊಂಡಿದೆ. ಮೊದಲು ತೊಳೆದುಬಿಡೋಣವೇ?

ಬೇಡ, ಮೊದಲು ನೋಡಿ. ಆಯಿಲ್ ಎಲ್ಲಿಂದ ಬಂತು ಎಂದು ಹೇಳುವ ಸಾಕ್ಷಿ ಆ ಕೊಳೆಯೊಂದೇ. ಅವಸರದಲ್ಲಿ ತೊಳೆದವರು ಹೊಳೆಯುವ ಎಂಜಿನ್ ಮುಂದೆ ನಿಂತು ಎಲ್ಲಿಂದ ಶುರು ಮಾಡುವುದೆಂದು ತಲೆ ಕೆರೆದುಕೊಳ್ಳುತ್ತಾರೆ.

ಸೋರಿದ ಆಯಿಲ್ ನಿಂತಲ್ಲಿ ನಿಲ್ಲುವುದಿಲ್ಲ. ವಿಮಾನ ನಿಂತಾಗ ಕೆಳಕ್ಕೆ ಇಳಿಯುತ್ತದೆ; ಹಾರುವಾಗ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ. ಸಿಲಿಂಡರ್‌ಗಳ ರೆಕ್ಕೆಗಳ ನಡುವೆ ತಣಿಸುವ ಗಾಳಿ ಮೇಲಿನಿಂದ ಕೆಳಗೆ ಹರಿಯುವುದರಿಂದ ಅಲ್ಲಿಯೂ ಕೆಳಮುಖವಾಗಿ ಹರಡುತ್ತದೆ. ಆದ್ದರಿಂದ ಅತಿ ಹೆಚ್ಚು ಒದ್ದೆಯಾದ ಜಾಗವೇ ಸೋರುವ ಜಾಗವಾಗಿರುವುದು ಅಪರೂಪ. ಒದ್ದೆಯ ಜಾಡು ಹಿಡಿದು ಮೇಲಕ್ಕೆ, ಮುಂದಕ್ಕೆ ಹೋಗಿ. ಜಾಡು ಎಲ್ಲಿ ಕೊನೆಗೊಂಡು ಒಣ ಲೋಹ ಶುರುವಾಗುತ್ತದೋ ಅಲ್ಲಿ ಅನುಮಾನ ಪಡಬೇಕು.

ನಮ್ಮೂರಿನ ಕೆಂಪು ಧೂಳು ಈ ಕೆಲಸದಲ್ಲಿ ನೆರವಿಗೆ ಬರುತ್ತದೆ. ಹಳೆಯ ಸೋರಿಕೆಯ ಮೇಲೆ ಧೂಳು ಕೂತು, ಬೆಂದು, ಉಗುರಿನಿಂದ ಕೆರೆದರೆ ಮಾತ್ರ ಏಳುವಂಥ ಕಂದು ಪದರವಾಗಿರುತ್ತದೆ. ಈಗಲೂ ಸೋರುತ್ತಿರುವ ಕಡೆ ಆ ಪದರದ ನಡುವೆ ಹೊಳೆಯುವ, ಧೂಳಿಲ್ಲದ ಸಣ್ಣ ಗೆರೆ ಕಾಣುತ್ತದೆ. ಟಾರ್ಚನ್ನು ನೇರವಾಗಿ ಬಿಡದೆ ಓರೆಯಾಗಿ ಹಿಡಿದರೆ ಈ ಗೆರೆ ಎದ್ದು ಕಾಣುತ್ತದೆ. ಎಲ್ಲ ಕಡೆಯಿಂದ ಮೊಬೈಲ್‌ನಲ್ಲಿ ಚಿತ್ರ ತೆಗೆಯಿರಿ. ಬಿಚ್ಚಿಟ್ಟ ಕೌಲಿಂಗ್‌ನ ಒಳಮೈಯನ್ನು ಮರೆಯಬೇಡಿ. ಅಲ್ಲಿ ಸಿಡಿದ ಆಯಿಲ್‌ನ ಕಲೆ ಎಂಜಿನ್‌ನ ಯಾವ ಬದಿಗೆ ಎದುರಾಗಿದೆ ಎನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಅದು ಎಂಜಿನ್ ಆಯಿಲ್ ಹೌದೋ ಅಲ್ಲವೋ ತಿಳಿಯುವುದು ಹೇಗೆ?

ಬಣ್ಣ ನೋಡಿ, ಬಿಳಿ ಬಟ್ಟೆಗೆ ಒರೆಸಿ ನೋಡಿ, ವಾಸನೆ ನೋಡಿ. ಹೊಸದಾಗಿ ತುಂಬಿದ ಎಂಜಿನ್ ಆಯಿಲ್ ಜೇನಿನ ಬಣ್ಣದ್ದು; ಕೆಲವು ಗಂಟೆ ಓಡಿದ ಮೇಲೆ ಕಂದಾಗಿ, ಕಪ್ಪಾಗುತ್ತದೆ. ಕೆಂಪು ಬಣ್ಣದ ತೆಳು ಎಣ್ಣೆ ಕಂಡರೆ ಅದು ಬ್ರೇಕಿನ ಅಥವಾ ಮೂಗಿನ ಚಕ್ರದ ಸ್ಟ್ರಟ್‌ನ ಹೈಡ್ರಾಲಿಕ್ ದ್ರವ ಇರಬಹುದು. ನೀಲಿ ಕಲೆ ಕಂಡರೆ ಅದು ಆವಿಯಾಗಿ ಹೋದ 100ಎಲ್‌ಎಲ್ (ವಿಮಾನದ ಪೆಟ್ರೋಲ್) ಇಂಧನ ಉಳಿಸಿದ ಗುರುತು. ಕಾರ್ಬ್ಯುರೇಟರ್, ಇಂಧನ ಪಂಪ್, ಪ್ರೈಮರ್ ಪೈಪ್‌ಗಳ ಬಳಿ ಈ ನೀಲಿ ಇದ್ದರೆ ಆಯಿಲ್ ವಿಚಾರ ಪಕ್ಕಕ್ಕಿಡಿ. ಇಂಧನ ಸೋರಿಕೆ ಸರಿಯಾಗುವವರೆಗೆ ಹಾರಾಟವೂ ಇಲ್ಲ, ದ್ರಾವಕದಲ್ಲಿ ತೊಳೆಯುವುದೂ ಇಲ್ಲ.

ಇನ್ನೊಂದು ಕೆಂಪಿನ ಬಗ್ಗೆ ಹೇಳಲೇಬೇಕು. ಮೆಕಾಲೆ ಕಂಪನಿಯ ಕೆಲವು ಸ್ಥಿರವೇಗದ ಪ್ರೊಪೆಲ್ಲರ್‌ಗಳ ಹಬ್ ಒಳಗೆ ಕೆಂಪು ಬಣ್ಣ ಬೆರೆಸಿದ ಆಯಿಲ್ ತುಂಬಿರುತ್ತಾರೆ. ಹಬ್ ಬಿರುಕು ಬಿಟ್ಟರೆ ಕಣ್ಣಿಗೆ ಬೀಳಲಿ ಎಂದೇ ಆ ಬಣ್ಣ. ಪ್ರೊಪೆಲ್ಲರ್ ಬುಡದಲ್ಲಿ ಕೆಂಪು ಕಂಡರೆ ಒರೆಸಿ ಹಾರುವ ಮಾತೇ ಇಲ್ಲ.

ಇಂಥ ಎಂಜಿನ್‌ಗಳು ಸ್ವಲ್ಪ ಒಸರುವುದು ಸಹಜ ಎನ್ನುತ್ತಾರಲ್ಲ?

ಒಸರುವುದು ಸಹಜ, ತೊಟ್ಟಿಕ್ಕುವುದು ಅಲ್ಲ. ರಾಕರ್ ಕವರ್ (ಸಿಲಿಂಡರ್ ತಲೆಯ ಮೇಲಿನ ಮುಚ್ಚಳ) ಅಂಚಿನಲ್ಲಿ ತೇವವಿದ್ದು ಧೂಳು ಅಂಟಿಕೊಂಡಿದ್ದರೆ ಮುಂದಿನ ತಪಾಸಣೆಯವರೆಗೆ ಕಣ್ಣಿಟ್ಟರೆ ಸಾಕಾಗಬಹುದು. ಹನಿ ಕಟ್ಟಿ ಬೀಳುತ್ತಿದ್ದರೆ, ಆಯಿಲ್ ಎಕ್ಸಾಸ್ಟ್ ಪೈಪಿಗೆ ತಾಗುವ ಹಾದಿಯಲ್ಲಿದ್ದರೆ, ಪ್ರತಿ ಹಾರಾಟಕ್ಕೂ ಹೆಚ್ಚುತ್ತಿದ್ದರೆ ಅಥವಾ ಆಯಿಲ್ ಒತ್ತಡದಲ್ಲಿ ಏನಾದರೂ ಬದಲಾವಣೆ ಕಂಡಿದ್ದರೆ ವಿಮಾನ ನೆಲದಲ್ಲೇ ಇರಬೇಕು.

ಆಯಿಲ್ ಖರ್ಚಿಗೆ ಲೈಕಮಿಂಗ್ ಒಂದು ಲೆಕ್ಕ ಕೊಟ್ಟಿದೆ. ಅಶ್ವಶಕ್ತಿಯನ್ನು 0.006ರಿಂದ ಗುಣಿಸಿ, 4ರಿಂದ ಗುಣಿಸಿ, 7.4ರಿಂದ ಭಾಗಿಸಿದರೆ ಗಂಟೆಗೆ ಗರಿಷ್ಠ ಎಷ್ಟು ಕ್ವಾರ್ಟ್ ಖರ್ಚಾಗಬಹುದೆಂದು ಸಿಗುತ್ತದೆ. 160 ಅಶ್ವಶಕ್ತಿಯ ಎಂಜಿನ್‌ಗೆ ಅದು ಸುಮಾರು ಅರ್ಧ ಕ್ವಾರ್ಟ್, ಅಂದರೆ ಅರ್ಧ ಲೀಟರಿಗೆ ತುಸು ಕಡಿಮೆ. ಈ ಮಿತಿ ಕೇಳಿ ಹಲವರು ಹುಬ್ಬೇರಿಸುತ್ತಾರೆ. ಆದರೆ ಮಿತಿಯೊಳಗಿದೆ ಎಂದು ಸಮಾಧಾನ ಪಡುವುದಕ್ಕಿಂತ ನಿಮ್ಮ ಎಂಜಿನ್‌ನ ಮಾಮೂಲಿ ಖರ್ಚು ಎಷ್ಟೆಂದು ಬರೆದಿಟ್ಟುಕೊಳ್ಳುವುದು ಮೇಲು. ಹತ್ತು ಗಂಟೆಗೆ ಒಂದು ಕ್ವಾರ್ಟ್ ಕುಡಿಯುತ್ತಿದ್ದ ಎಂಜಿನ್ ಇದ್ದಕ್ಕಿದ್ದಂತೆ ನಾಲ್ಕು ಗಂಟೆಗೆ ಒಂದು ಕೇಳಲು ಶುರು ಮಾಡಿದರೆ, ಮಿತಿಯೊಳಗಿದ್ದರೂ ಕಾರಣ ಹುಡುಕಲೇಬೇಕು.

ವಿಮಾನದ ಹೊಟ್ಟೆಯ ಮೇಲೆಲ್ಲ ಆಯಿಲ್, ಆದರೆ ಎಂಜಿನ್ ಒಣಗಿದೆ. ಏನಿದು?

ಹೆಚ್ಚಾಗಿ ಬ್ರೀದರ್ ಪೈಪಿನ ಕೆಲಸ. ಕ್ರ್ಯಾಂಕ್‌ಕೇಸ್‌ನ ಆವಿ ಹೊರಹೋಗುವ ಈ ಪೈಪಿನಿಂದ ಆಯಿಲ್ ಕೂಡ ಹೊರಬೀಳುತ್ತದೆ. ಮುಖ್ಯ ಕಾರಣ, ಆಯಿಲನ್ನು ಕಂಠಪೂರ್ತಿ ತುಂಬುವುದು. ಹೆಚ್ಚಾದುದನ್ನು ಎಂಜಿನ್ ತಾನೇ ಹೊರಗೆ ಎಸೆದು ತನಗೆ ಬೇಕಾದ ಮಟ್ಟಕ್ಕೆ ಬರುತ್ತದೆ. ಸೆಸ್ನಾ 172ರ ಕೆಲವು ಮಾದರಿಗಳ ಕೈಪಿಡಿಗಳು ಇದೇ ಕಾರಣಕ್ಕೆ ಸಣ್ಣ ಹಾರಾಟಗಳಿಗೆ ಪೂರ್ಣಕ್ಕಿಂತ ಕಡಿಮೆ ಮಟ್ಟ ಸಾಕು ಎನ್ನುತ್ತವೆ. ಕನಿಷ್ಠ ಮಟ್ಟ ಎಷ್ಟೆಂಬುದನ್ನೂ ಅದೇ ಪುಟದಲ್ಲಿ ನೋಡಿಕೊಳ್ಳಿ.

ಮಟ್ಟ ಸರಿಯಿದ್ದೂ ಬ್ರೀದರ್ ಉಗುಳುತ್ತಿದ್ದರೆ ಪಿಸ್ಟನ್ ರಿಂಗ್‌ಗಳ ಮೇಲೆ ಅನುಮಾನ. 80 ಪಿಎಸ್‌ಐ ಗಾಳಿ ಕೊಟ್ಟು ಮಾಡುವ ಕಂಪ್ರೆಷನ್ ಪರೀಕ್ಷೆಯ ವೇಳೆ ಆಯಿಲ್ ತುಂಬುವ ಬಾಯಿಗೆ ಕಿವಿ ಕೊಡಿ. ಅಲ್ಲಿ ಗಾಳಿ ಸುಯ್‌ಗುಟ್ಟಿದರೆ ಅದು ರಿಂಗ್ ದಾಟಿ ಬರುತ್ತಿದೆ ಎಂದರ್ಥ. ಎಂಜಿನ್ ತೊಳೆಯುವುದರಿಂದ ಇದಕ್ಕೆ ಪರಿಹಾರವಿಲ್ಲ.

ಇದರ ವಿರುದ್ಧದ ತೊಂದರೆ ಬ್ರೀದರ್ ಕಟ್ಟಿಕೊಳ್ಳುವುದು. ಚಳಿ ದೇಶಗಳಲ್ಲಿ ಪೈಪಿನ ತುದಿಯಲ್ಲಿ ಮಂಜು ಗಟ್ಟಿಯಾಗುತ್ತದೆ. ನಮ್ಮಲ್ಲಿ ಆ ಕೆಲಸವನ್ನು ಮಣ್ಣಿನ ಗೂಡು ಕಟ್ಟುವ ಕಣಜ ಮಾಡುತ್ತದೆ. ಕೆಲವು ವಾರ ಹಾರದೆ ನಿಂತ ವಿಮಾನದ ಯಾವ ತೂತೂ ಅದಕ್ಕೆ ಬೇಡವಾದದ್ದಲ್ಲ. ಬ್ರೀದರ್ ಕಟ್ಟಿದರೆ ಕ್ರ್ಯಾಂಕ್‌ಕೇಸ್ ಒಳಗೆ ಒತ್ತಡ ಏರಿ ಪ್ರೊಪೆಲ್ಲರ್ ಹಿಂದಿನ ಕ್ರ್ಯಾಂಕ್‌ಶಾಫ್ಟ್ ಸೀಲ್ ಜಾಗದಿಂದ ಹೊರಬರಬಹುದು. ಆಗ ಸೀಲ್ ಮಾತ್ರ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ನಾನು ಪೈಲಟ್. ನಾನೇ ತೊಳೆಯಬಹುದೇ?

ಕೈಜೋಡಿಸಬಹುದು, ಅನುಭವಿ ಎಎಂಇ ಜೊತೆಗಿದ್ದರೆ. ತೊಳೆಯುವಾಗ ಮುಚ್ಚುವುದು, ಕಳಚುವುದು, ಮತ್ತೆ ಜೋಡಿಸುವುದು ಎಲ್ಲವೂ ಬರುತ್ತದೆ. ಆಮೇಲೆ ಗ್ಯಾಸ್ಕೆಟ್ ಬದಲಿಸುವ ಸಂದರ್ಭವೂ ಬರುತ್ತದೆ. ಕೆಲಸವನ್ನು ಪ್ರಮಾಣೀಕರಿಸಿ ವಿಮಾನವನ್ನು ಹಾರಾಟಕ್ಕೆ ಬಿಡುವ ಸಹಿ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಪರವಾನಗಿ ಇರುವ ಎಎಂಇ ಅವರದು. ಪಿಸ್ಟನ್ ಎಂಜಿನ್ ವಿಮಾನಗಳಿಗೆ ಅದು ಬಿ1.2 ವರ್ಗದ ಪರವಾನಗಿ.

ಶುರು ಮಾಡುವ ಮೊದಲು ಸುರಕ್ಷತೆಗೆ ಏನೇನು ಮಾಡಬೇಕು?

ಪ್ರೊಪೆಲ್ಲರ್‌ನಿಂದ ಶುರು ಮಾಡಿ. ಮ್ಯಾಗ್ನೆಟೊಗೆ ಬ್ಯಾಟರಿ ಬೇಕಿಲ್ಲ. ತಿರುಗಿದರೆ ಸಾಕು, ತಾನೇ ಕಿಡಿ ಹುಟ್ಟಿಸುತ್ತದೆ. ಸ್ವಿಚ್ ಆಫ್ ಮಾಡಿದಾಗ ಅದನ್ನು ನಿಷ್ಕ್ರಿಯಗೊಳಿಸುವುದು ಪಿ-ಲೀಡ್ ಎಂಬ ಒಂದೇ ತಂತಿ. ಆ ತಂತಿ ತುಂಡಾಗಿದ್ದರೆ ಕೀಲಿ ನಿಮ್ಮ ಜೇಬಿನಲ್ಲಿದ್ದರೂ ಮ್ಯಾಗ್ನೆಟೊ ಜೀವಂತ. ಸಿಲಿಂಡರ್‌ನಲ್ಲಿ ಒಂದಿಷ್ಟು ಇಂಧನದ ಆವಿ ಉಳಿದಿದ್ದು, ಕೆಳಭಾಗ ಉಜ್ಜಲು ಅಡ್ಡ ಬಂತೆಂದು ಯಾರಾದರೂ ಪ್ರೊಪೆಲ್ಲರನ್ನು ಸ್ವಲ್ಪ ತಿರುಗಿಸಿದರೆ ಎಂಜಿನ್ ಒದೆಯಬಹುದು. ಆದ್ದರಿಂದ ಕೀಲಿ ಹೊರಗೆ, ಮಿಕ್ಸ್‌ಚರ್ (ಇಂಧನ-ಗಾಳಿ ಮಿಶ್ರಣದ ಹಿಡಿಕೆ) ಕಟ್-ಆಫ್‌ನಲ್ಲಿ, ಥ್ರಾಟಲ್ ಮುಚ್ಚಿ, ಇಂಧನ ಸೆಲೆಕ್ಟರ್ ಆಫ್, ಚಕ್ರಗಳಿಗೆ ಅಡ್ಡಗಟ್ಟೆ. ಇಷ್ಟೆಲ್ಲ ಆದ ಮೇಲೂ ಪ್ರೊಪೆಲ್ಲರ್ ಸುತ್ತುವ ವಲಯದೊಳಗೆ ಯಾರೂ ನಿಲ್ಲಬಾರದು.

ಬ್ಯಾಟರಿಯ ಸಂಪರ್ಕ ಕಳಚಿ. ದ್ರಾವಕದ ಆವಿಗೆ ಒಂದು ರಿಲೇಯ ಕಿಡಿ ಸಾಕು. ವಿಮಾನವನ್ನು ಅರ್ಥಿಂಗ್ ತಂತಿಯಿಂದ ನೆಲಕ್ಕೆ ಜೋಡಿಸಿ. ಸಿಂಪಡಿಸುವಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಕಾರ್ಬನ್ ಡೈಆಕ್ಸೈಡ್ ಅಗ್ನಿಶಾಮಕ ಕೈಗೆಟುಕುವಂತಿರಲಿ. ಒಣ ಪುಡಿಯದ್ದೂ ಬೆಂಕಿ ಆರಿಸುತ್ತದೆ, ಆದರೆ ಆ ಪುಡಿ ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತದೆ. ಬೇರೆ ಇಲ್ಲದಿದ್ದರೆ ಅದನ್ನೇ ಬಳಸಿ, ಎಂಜಿನ್ ಉಳಿಸುವ ಯೋಚನೆ ಆಮೇಲೆ.

ಎಂಜಿನ್ ತಣ್ಣಗಿರಬೇಕು. ಹಾರಿ ಬಂದ ಕೂಡಲೇ ಎಕ್ಸಾಸ್ಟ್ ಪೈಪಿನ ಮೇಲೆ ದ್ರಾವಕ ಬಿದ್ದರೆ ಹೊತ್ತಿಕೊಳ್ಳುವ ಸಾಧ್ಯತೆ ನಿಜವಾದದ್ದು. ಕೌಲಿಂಗ್ ತೆಗೆದು, ಅಂಗೈಯನ್ನು ಸಿಲಿಂಡರ್ ಮೇಲೆ ಆರಾಮವಾಗಿ ಇಟ್ಟುಕೊಳ್ಳುವಂತಾಗುವವರೆಗೆ ಕಾಯಿರಿ. ಆ ಹೊತ್ತಿನಲ್ಲಿ ಮೇಲೆ ಹೇಳಿದ ನೋಡುವ ಕೆಲಸ ಮುಗಿಯುತ್ತದೆ.

ಕೈಗೆ ನೈಟ್ರೈಲ್ ಗ್ಲೌಸ್, ಕಣ್ಣಿಗೆ ಮುಚ್ಚಿದ ಕನ್ನಡಕ, ಮೈಗೆ ಹತ್ತಿಯ ಬಟ್ಟೆ. 100ಎಲ್‌ಎಲ್‌ನಲ್ಲಿ ಸೀಸದ ಸಂಯುಕ್ತ ಇದೆ, ಅದರ ಅಂಶ ಬಳಸಿದ ಆಯಿಲ್‌ಗೂ ಸೇರುತ್ತದೆ. ಬರಿಗೈಯಲ್ಲಿ ಮುಟ್ಟಿ ಅದೇ ಕೈಯಲ್ಲಿ ಚಹಾದ ಲೋಟ ಹಿಡಿಯುವ ಅಭ್ಯಾಸ ಹ್ಯಾಂಗರ್‌ಗಳಲ್ಲಿ ಇನ್ನೂ ಹೋಗಿಲ್ಲ.

ಯಾವ ಹೊತ್ತಿನಲ್ಲಿ, ಎಲ್ಲಿ ತೊಳೆಯುವುದು ಒಳ್ಳೆಯದು?

ಹ್ಯಾಂಗರ್ ಹೊರಗೆ, ನೆರಳಿನಲ್ಲಿ, ಬೆಳಗ್ಗೆ. ದ್ರಾವಕದ ಆವಿ ಗಾಳಿಗಿಂತ ಭಾರ. ಹ್ಯಾಂಗರ್ ಒಳಗೆ ಅದು ನೆಲದ ಮೇಲೆ ಹರಡಿ, ದೂರದ ಕಂಪ್ರೆಸರ್ ಸ್ವಿಚ್‌ವರೆಗೂ ತಲುಪಬಹುದು. ಬೆಂಗಳೂರು ತಂಪು ಊರು ಎಂಬ ಮಾತನ್ನು ಏಪ್ರಿಲ್‌ನಲ್ಲಿ ನಂಬಿ ಕೂರಬೇಡಿ. ಹೊರಗೆ 35 ಡಿಗ್ರಿ ಇದ್ದರೆ ತಗಡಿನ ಮಾಡಿನ ಕೆಳಗೆ ಅದಕ್ಕಿಂತ ಹೆಚ್ಚಿರುತ್ತದೆ. 38 ಡಿಗ್ರಿ ಫ್ಲ್ಯಾಶ್ ಪಾಯಿಂಟ್ (ಕಿಡಿ ಸಿಕ್ಕರೆ ಆವಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ) ಇರುವ ದ್ರಾವಕಕ್ಕೂ ಆ ಶೆಡ್‌ಗೂ ಅಂತರವೇ ಉಳಿದಿರುವುದಿಲ್ಲ. ಮಳೆಗಾಲದಲ್ಲಾದರೆ ಒಣಗಲು ಹೆಚ್ಚು ಹೊತ್ತು ಬೇಕು. ಅದಕ್ಕೂ ಬೆಳಗ್ಗೆಯೇ ಶುರು ಮಾಡಿರುವುದು ಲೇಸು.

ಯಾವ ದ್ರಾವಕ ಬಳಸಬೇಕು? ಪೆಟ್ರೋಲ್ ಚೆನ್ನಾಗಿ ತೊಳೆಯುತ್ತದಲ್ಲ?

ಚೆನ್ನಾಗಿಯೇ ತೊಳೆಯುತ್ತದೆ, ಮತ್ತು ಕಿಡಿ ಸಿಕ್ಕರೆ ಹ್ಯಾಂಗರನ್ನೂ ತೆಗೆದುಕೊಂಡು ಹೋಗುತ್ತದೆ. ಪೆಟ್ರೋಲ್‌ನ ಫ್ಲ್ಯಾಶ್ ಪಾಯಿಂಟ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ಅಂದರೆ ಭೂಮಿಯ ಮೇಲೆ ನೀವು ತೊಳೆಯಲು ಕೂರುವ ಯಾವ ಜಾಗದಲ್ಲೂ ಅದರ ಆವಿ ಹೊತ್ತಿಕೊಳ್ಳಲು ಸಿದ್ಧ. ವಿಮಾನದ ಪೆಟ್ರೋಲ್‌ಗೂ ಇದೇ ಮಾತು, ಸೀಸ ಬೇರೆ. ಪೇಂಟ್ ಥಿನ್ನರ್ ಬೇಡ; ಬಣ್ಣ, ರಬ್ಬರ್, ತಂತಿಯ ಹೊದಿಕೆ ಎಲ್ಲವನ್ನೂ ಮೃದು ಮಾಡುತ್ತದೆ.

ತಯಾರಕರ ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದು ಸ್ಟಾಡರ್ಡ್ ಸಾಲ್ವೆಂಟ್ ಅಥವಾ ಅದಕ್ಕೆ ಸಮನಾದದ್ದು. ನಮ್ಮಲ್ಲಿ ಸಿಗುವ ಮಿನರಲ್ ಟರ್ಪೆಂಟೈನ್ ಅದೇ ಜಾತಿಯದು. ಆದರೆ ಡಬ್ಬಿಯಿಂದ ಡಬ್ಬಿಗೆ ಗುಣ ಬದಲಾಗುತ್ತದೆ, ಆದ್ದರಿಂದ ಜೊತೆಗೆ ಬರುವ ಸುರಕ್ಷತಾ ಪತ್ರದಲ್ಲಿ ಫ್ಲ್ಯಾಶ್ ಪಾಯಿಂಟ್ ನೋಡಿಯೇ ಕೊಳ್ಳಿ. 38 ಡಿಗ್ರಿಗಿಂತ ಮೇಲಿರಲಿ, ಇನ್ನೂ ಹೆಚ್ಚಿದ್ದಷ್ಟು ಒಳ್ಳೆಯದು. ಸೀಮೆಎಣ್ಣೆಯೂ ಕೊಳೆ ಬಿಡಿಸುತ್ತದೆ, ಆದರೆ ಹಿಂದೆ ಜಿಡ್ಡಿನ ಪದರ ಉಳಿಸುತ್ತದೆ. ಸೋರಿಕೆ ಹುಡುಕಲು ಹೊರಟವರಿಗೆ ಹೊಸ ಜಿಡ್ಡು ಬೇಕಿಲ್ಲ.

ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕಾರು ಎಂಜಿನ್‌ಗೆಂದು ಸಿಗುವ ಡಿಗ್ರೀಸರ್‌ಗಳ ಬಗ್ಗೆ ಎಚ್ಚರ. ಅವುಗಳಲ್ಲಿ ಹಲವು ಕ್ಷಾರೀಯ. ಕಾಸ್ಟಿಕ್ ಇದ್ದರೆ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ನಿಮ್ಮ ಎಂಜಿನ್‌ನ ಹೊರಮೈ ಬಹುಪಾಲು ಅಲ್ಯೂಮಿನಿಯಂ ಎಂಬುದನ್ನು ನೆನಪಿಡಿ. ಕೈಪಿಡಿ ಒಪ್ಪಿದ ಉತ್ಪನ್ನವಾದರೆ ಮಾತ್ರ ಬಳಸಿ, ಬಳಸಿದ ಮೇಲೆ ಅದರ ಅಂಶ ಉಳಿಯದಂತೆ ತೆಗೆಯಿರಿ.

ಕಾರು ತೊಳೆಯುವವರ ಹತ್ತಿರ ಇರುವ ಪ್ರೆಷರ್ ವಾಷರ್?

ಬೇಡ. ಆ ಒತ್ತಡ ನೀರನ್ನು ಸೀಲ್ ದಾಟಿಸಿ ಒಳಗೆ ನುಗ್ಗಿಸುತ್ತದೆ. ಮ್ಯಾಗ್ನೆಟೊ, ಆಲ್ಟರ್ನೇಟರ್, ವೈರಿಂಗ್ ಕನೆಕ್ಟರ್ ಯಾವುದೂ ಅದನ್ನು ತಾಳುವಂತೆ ಮಾಡಿದ್ದಲ್ಲ.

ಯಾವ ಯಾವ ಭಾಗ ಮುಚ್ಚಬೇಕು?

ಮ್ಯಾಗ್ನೆಟೊಗಳು, ಆಲ್ಟರ್ನೇಟರ್, ಸ್ಟಾರ್ಟರ್, ವೋಲ್ಟೇಜ್ ರೆಗ್ಯುಲೇಟರ್, ಗಾಳಿ ಒಳಹೋಗುವ ಬಾಯಿ ಮತ್ತು ಫಿಲ್ಟರ್, ಬ್ರೀದರ್ ತುದಿ, ಇಂಧನ ಮತ್ತು ಗಾಳಿಯ ಎಲ್ಲ ತೆರೆದ ಬಾಯಿಗಳು. ಪ್ಲಾಸ್ಟಿಕ್ ಚೀಲ ಮತ್ತು ಮಾಸ್ಕಿಂಗ್ ಟೇಪ್ ಸಾಕು. ಆಯಿಲ್ ತುಂಬುವ ಮುಚ್ಚಳ ಬಿಗಿಯಾಗಿದೆಯೇ ನೋಡಿ.

ಈ ಪಟ್ಟಿಯಲ್ಲಿ ಜನ ಬಿಟ್ಟುಬಿಡುವುದು ವ್ಯಾಕ್ಯೂಮ್ ಪಂಪ್. ಒಣ ಮಾದರಿಯ ಪಂಪ್‌ನೊಳಗೆ ಗ್ರಾಫೈಟ್ ರೆಕ್ಕೆಗಳು ತಮ್ಮ ಪುಡಿಯಿಂದಲೇ ತಮ್ಮ ಜಾರಿಕೆ ಮಾಡಿಕೊಳ್ಳುತ್ತವೆ. ಅಲ್ಲಿಗೆ ದ್ರಾವಕ ಅಥವಾ ಆಯಿಲ್ ಸೇರಿದರೆ ಆ ಪುಡಿ ಅಂಟಾಗಿ, ರೆಕ್ಕೆ ಮುರಿಯುತ್ತದೆ. ಇವತ್ತು ಏನೂ ಆಗದೆ, ಕೆಲವು ಹಾರಾಟದ ನಂತರ ಮೋಡದೊಳಗೆ, ಈ ಪಂಪಿನಿಂದ ನಡೆಯುವ, ವಿಮಾನದ ವಾಲಿಕೆ ತೋರಿಸುವ ಆಟಿಟ್ಯೂಡ್ ಇಂಡಿಕೇಟರ್ ಮಲಗಿಕೊಂಡಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ.

ಕ್ಯಾಬಿನ್ ಬಿಸಿ ಮಾಡಲು ಮಫ್ಲರ್ ಸುತ್ತ ಇರುವ ತಗಡಿನ ಹೊದಿಕೆ ಇನ್ನೊಂದು. ಅದರೊಳಗೆ ದ್ರಾವಕ ಉಳಿದರೆ ಮುಂದಿನ ಸಲ ಹೀಟರ್ ಎಳೆದಾಗ ಆವಿ ನೇರ ಕಾಕ್‌ಪಿಟ್‌ಗೆ ಬರುತ್ತದೆ. ಎಂಜಿನ್ ಮೌಂಟ್‌ಗಳ ರಬ್ಬರ್, ಮೂಗಿನ ಚಕ್ರದ ಟೈರ್‌ಗಳ ಮೇಲೂ ಬಟ್ಟೆ ಹೊದಿಸಿ.

ಮುಚ್ಚಿದ್ದನ್ನೆಲ್ಲ ಎಣಿಸಿ, ಕಾಗದದ ಮೇಲೆ ಬರೆದು, ಪ್ರತಿಯೊಂದಕ್ಕೂ ಕೆಂಪು ಪಟ್ಟಿ ಕಟ್ಟಿ. ಗಾಳಿಯ ಬಾಯಿಯಲ್ಲಿ ಮರೆತ ಒಂದು ಪಾರದರ್ಶಕ ಚೀಲ ಯಾವ ಆಯಿಲ್ ಸೋರಿಕೆಗಿಂತಲೂ ಅಪಾಯಕಾರಿ.

ತೊಳೆಯುವ ಕ್ರಮ ಹೇಗೆ?

ಕೆಳಗೆ ಅಗಲವಾದ ತಟ್ಟೆ ಇಡಿ. ಗಟ್ಟಿಯಾದ ಕೊಳೆಯನ್ನು ಮೊದಲು ಮರದ ಅಥವಾ ಪ್ಲಾಸ್ಟಿಕ್ ಚಪ್ಪಟೆ ಕಡ್ಡಿಯಿಂದ ಕೆರೆದು ತೆಗೆಯಿರಿ. ಆಮೇಲೆ ಪೇಂಟ್ ಬ್ರಷ್ಷನ್ನು ದ್ರಾವಕದಲ್ಲಿ ಅದ್ದಿ ಮೇಲಿನಿಂದ ಕೆಳಕ್ಕೆ ಉಜ್ಜಿ. ಬ್ರಷ್ಷಿನ ಲೋಹದ ಪಟ್ಟಿಗೆ ಟೇಪ್ ಸುತ್ತಿರಲಿ. ಮೂಲೆಗಳಿಗೆ ಹಳೆಯ ಟೂತ್‌ಬ್ರಷ್ ಸಾಕು. ತೋಟಕ್ಕೆ ಬಳಸುವ ಕೈಪಂಪಿನ ಸಿಂಪಡಕದಿಂದ ನಿಧಾನವಾಗಿ ತೊಳೆದು ಇಳಿಸಬಹುದು. ಮಂಜಿನಂತೆ ಸಿಂಪಡಿಸುವ ಗನ್ ಬೇಡ, ಗಾಳಿಯಲ್ಲಿ ತೇಲುವ ಹನಿಗಳು ದ್ರವಕ್ಕಿಂತ ಬೇಗ ಹೊತ್ತಿಕೊಳ್ಳುತ್ತವೆ.

ಇಡೀ ಎಂಜಿನ್ ಒಂದೇ ಸಲ ತೊಳೆಯುವ ಅಗತ್ಯ ಹಲವು ಬಾರಿ ಇರುವುದಿಲ್ಲ. ಚಿತ್ರಗಳನ್ನು ನೋಡಿ ಅನುಮಾನ ಒಂದು ಬದಿಗೆ ಸೀಮಿತವಾಗಿದ್ದರೆ ಆ ಭಾಗವನ್ನಷ್ಟೇ ಒರೆಸಿ ತೆಗೆಯುವುದು ನನ್ನ ಪ್ರಕಾರ ಉತ್ತಮ. ದ್ರಾವಕ ಕಡಿಮೆ, ಅಪಾಯವೂ ಕಡಿಮೆ. ಒರೆಸಲು ಬನಿಯನ್ ಬಟ್ಟೆ ಒಳ್ಳೆಯದು. ಕಾಟನ್ ವೇಸ್ಟ್ ನೂಲು ಬಿಡುತ್ತದೆ, ಆ ನೂಲು ಬೋಲ್ಟಿನ ಬುಡದಲ್ಲಿ ಸಿಕ್ಕಿ ಆಮೇಲೆ ಬಿರುಕಿನಂತೆ ಕಾಣಿಸಿ ಗಾಬರಿ ಹುಟ್ಟಿಸುತ್ತದೆ.

ತೊಳೆದ ಮೇಲೆ ಕಡಿಮೆ ಒತ್ತಡದ ಗಾಳಿ ಹಾಯಿಸಿ, ಉಳಿದದ್ದು ತಾನಾಗಿ ಆರಲು ಬಿಡಿ. ಮುಚ್ಚಿದ್ದನ್ನು ಪಟ್ಟಿ ನೋಡಿ ಒಂದೊಂದಾಗಿ ತೆಗೆಯಿರಿ. ದ್ರಾವಕವು ಥ್ರಾಟಲ್, ಮಿಕ್ಸ್‌ಚರ್ ತಂತಿಗಳ ಕೊನೆಯಲ್ಲಿರುವ ಕೀಲುಗಳ ಗ್ರೀಸನ್ನೂ ತೊಳೆದಿರುತ್ತದೆ. ಕೈಪಿಡಿ ಹೇಳಿದ ಎಣ್ಣೆಯನ್ನು ಅಲ್ಲಿಗೆ ಮತ್ತೆ ಹಚ್ಚಬೇಕು. ಕೌಲಿಂಗ್ ತಳದಲ್ಲಿ ದ್ರಾವಕ ನಿಂತಿಲ್ಲ, ವಾಸನೆ ಹೋಗಿದೆ ಎಂದು ಖಚಿತವಾದ ಮೇಲೆಯೇ ಬ್ಯಾಟರಿ ಜೋಡಿಸುವುದು.

ಶುಚಿಯಾಯಿತು. ಈಗ ಸೋರಿಕೆ ಹುಡುಕುವುದು ಹೇಗೆ?

ಅನುಮಾನವಿರುವ ಸಂದುಗಳ ಮೇಲೆ ತೆಳುವಾಗಿ ಬಿಳಿ ಪುಡಿ ಕೂರಿಸಿ. ಬಿರುಕು ಪರೀಕ್ಷೆಗೆ ಬಳಸುವ ಡೆವಲಪರ್ ಸ್ಪ್ರೇ ಇದ್ದರೆ ಅದು, ಇಲ್ಲದಿದ್ದರೆ ಟಾಲ್ಕಂ ಪೌಡರ್. ಗಾಳಿಯ ಬಾಯಿಗಳ ಹತ್ತಿರ ಬೇಡ. ಆಮೇಲೆ ವಿಮಾನವನ್ನು ಗಾಳಿಗೆ ಮುಖ ಮಾಡಿ ನಿಲ್ಲಿಸಿ ಎಂಜಿನ್ ಓಡಿಸಿ. ಕಾಕ್‌ಪಿಟ್‌ನಲ್ಲಿ ಒಬ್ಬರು, ಅಗ್ನಿಶಾಮಕ ಹಿಡಿದು ಪ್ರೊಪೆಲ್ಲರ್‌ನಿಂದ ದೂರ ಒಬ್ಬರು. ಓಡುತ್ತಿರುವಾಗ ಬಗ್ಗಿ ನೋಡುವ ಆಸೆಯನ್ನು ಹತ್ತಿಕ್ಕಿ. ನಿಲ್ಲಿಸಿದ ಮೇಲೆ ನೋಡಿದರೂ ಸೋರಿಕೆ ಅಲ್ಲೇ ಇರುತ್ತದೆ.

ಕೌಲಿಂಗ್ ಇಲ್ಲದೆ ಹೆಚ್ಚು ಹೊತ್ತು ಓಡಿಸಬೇಡಿ. ಸಿಲಿಂಡರ್‌ಗಳ ನಡುವೆ ಗಾಳಿಯನ್ನು ಒತ್ತಿ ಹರಿಸುವುದು ಕೌಲಿಂಗ್ ಮತ್ತು ಬ್ಯಾಫಲ್‌ಗಳೇ. ಲೈಕಮಿಂಗ್ ಸಿಲಿಂಡರ್ ಹೆಡ್‌ನ ಗರಿಷ್ಠ ಮಿತಿ 500 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 260 ಸೆಲ್ಸಿಯಸ್. ಅದರ ಹತ್ತಿರಕ್ಕೂ ಹೋಗುವ ಅಗತ್ಯವಿಲ್ಲ. ಆಯಿಲ್ ಬಿಸಿಯಾಗಿ ತೆಳುವಾಗುವಷ್ಟು ಹೊತ್ತು ಸಾಕು.

ನಿಲ್ಲಿಸಿ, ಕೀಲಿ ತೆಗೆದು, ಟಾರ್ಚ್ ಹಿಡಿಯಿರಿ. ಬಿಳಿ ಪುಡಿಯ ಮೇಲೆ ಮೊದಲು ಕಾಣುವುದು ಕೂದಲೆಳೆಯಷ್ಟು ಬೂದು ಗೆರೆ. ಸ್ವಲ್ಪ ಹೊತ್ತು ನೋಡುತ್ತಿದ್ದರೆ ಅದು ಕಂದಾಗಿ, ಕೆಳತುದಿಯಲ್ಲಿ ಹನಿ ಕಟ್ಟುತ್ತದೆ. ಗೆರೆಯ ಮೇಲ್ತುದಿಯೇ ನೀವು ಹುಡುಕುತ್ತಿದ್ದ ಜಾಗ. ಹನಿ ಬಿದ್ದ ಜಾಗದ ಮೇಲೆ ಪುಡಿ ಪೂರ್ತಿ ತೊಯ್ದು ಗುರುತು ಕಲಸಿಹೋಗುವ ಮುನ್ನ ಚಿತ್ರ ತೆಗೆದುಬಿಡಿ.

ಬಣ್ಣದ ಡೈ ಹಾಕಿ ನೇರಳಾತೀತ ಬೆಳಕಿನಲ್ಲಿ ನೋಡಬಹುದೇ?

ವಿಮಾನದ ಎಂಜಿನ್‌ಗೆ ಒಪ್ಪಿಗೆ ಇರುವ ಡೈ ಆದರೆ ಹೌದು. ಕಾರು ಎಸಿಗೆ ಹಾಕುವುದನ್ನು ತಂದು ಸುರಿಯಬೇಡಿ. ಆಯಿಲ್‌ಗೆ ಏನು ಬೆರೆಸಬಹುದು ಎಂಬುದನ್ನು ಎಂಜಿನ್ ತಯಾರಕರೇ ನಿರ್ಧರಿಸುತ್ತಾರೆ.

ಸಾಮಾನ್ಯವಾಗಿ ಸೋರುವುದು ಎಲ್ಲಿ?

ಮೇಲಿನಿಂದ ಬರೋಣ. ರಾಕರ್ ಕವರ್ ಗ್ಯಾಸ್ಕೆಟ್ ಎಲ್ಲಕ್ಕಿಂತ ಸಾಮಾನ್ಯ. ಅದರ ಕೆಳಗೆ ಪುಶ್‌ರಾಡ್ ಕೊಳವೆಗಳ ಎರಡೂ ತುದಿಯ ಸೀಲ್‌ಗಳು. ಬಿಸಿಗೆ ಗಟ್ಟಿಯಾದ ಸೀಲ್ ತಂಪಾಗಿದ್ದಾಗ ಸೋರಿ, ಬಿಸಿಯಾದ ಮೇಲೆ ನಿಲ್ಲುವುದೂ ಉಂಟು. ರಾಕರ್ ಪೆಟ್ಟಿಗೆಯಿಂದ ಆಯಿಲ್ ಮರಳುವ ಪೈಪ್‌ಗಳ ರಬ್ಬರ್ ತುಂಡು ಮತ್ತು ಕ್ಲಾಂಪ್‌ಗಳನ್ನು ಬೆರಳಿನಿಂದ ಒತ್ತಿ ನೋಡಿ. ಬಳೆಯಂತೆ ಗಟ್ಟಿಯಾಗಿದ್ದರೆ ಅದರ ಕಾಲ ಮುಗಿದಿದೆ.

ಎಂಜಿನ್ ಹಿಂಭಾಗದಲ್ಲಿ ಆಯಿಲ್ ಫಿಲ್ಟರ್ ಮತ್ತು ಅದರ ಅಡಾಪ್ಟರ್, ಮ್ಯಾಗ್ನೆಟೊ ಮತ್ತು ವ್ಯಾಕ್ಯೂಮ್ ಪಂಪ್ ಕೂರುವ ಮುಖಗಳ ಗ್ಯಾಸ್ಕೆಟ್, ಆಯಿಲ್ ಕೂಲರ್‌ಗೆ ಹೋಗುವ ಹೋಸ್‌ಗಳು. ಆಯಿಲ್ ಒತ್ತಡದ ಪೈಪ್ ನೇರ ಕಾಕ್‌ಪಿಟ್ ಮೀಟರ್‌ವರೆಗೆ ಬರುವ ಹಳೆಯ ವಿಮಾನಗಳಲ್ಲಿ ಆ ಪೈಪನ್ನೂ ಪೂರ್ತಿ ನೋಡಿ. ಮುಂಭಾಗದಲ್ಲಿ ಕ್ರ್ಯಾಂಕ್‌ಶಾಫ್ಟ್ ಸೀಲ್. ಗಾಜಿನ ಮೇಲೆ ಆಯಿಲ್ ಹನಿ ಬಿದ್ದರೆ ಮೊದಲ ಅನುಮಾನ ಇದರ ಮೇಲೆ.

ಕ್ರ್ಯಾಂಕ್‌ಕೇಸ್‌ನ ಎರಡು ಅರ್ಧಗಳು ಕೂಡುವ ಗೆರೆಯೂ ಒಸರಬಹುದು. ಲೈಕಮಿಂಗ್ ಎಂಜಿನ್‌ಗಳಲ್ಲಿ ಆ ಗೆರೆಯನ್ನು ಸೀಲ್ ಮಾಡುವುದು ರೇಷ್ಮೆ ನೂಲು. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯನ್ನು ಕಂಡ ನಮಗೆ ಇದು ಹೇಳಿಕೊಳ್ಳುವ ಸಂಗತಿ.

ಇನ್ನೆರಡು ಜಾಗಗಳಲ್ಲಿ ಒದ್ದೆ ಕಂಡರೆ ತಮಾಷೆಯಲ್ಲ. ಸಿಲಿಂಡರ್ ಬುಡದಲ್ಲಿ ಆಯಿಲ್ ಬರುತ್ತಿದ್ದರೆ ನಟ್‌ಗಳ ಬಿಗಿ ತಪ್ಪಿರಬಹುದು, ಸ್ಟಡ್ ಮುರಿದಿರಬಹುದು. ಯಾವ ಜೋಡಣೆಯೂ ಇಲ್ಲದ ಬರಿಯ ಕ್ರ್ಯಾಂಕ್‌ಕೇಸ್ ಮೈಯಲ್ಲಿ ಗೆರೆಯಾಗಿ ಒಸರಿದರೆ ಬಿರುಕಿನ ಸಾಧ್ಯತೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದು ನೋಡಿ, ಡೈ ಪರೀಕ್ಷೆ ಮಾಡಿಸಿ. ಉತ್ತರ ಸಿಗುವವರೆಗೆ ವಿಮಾನ ಕದಲಬಾರದು.

ಜಾಗ ಸಿಕ್ಕಿತು. ಇನ್ನಷ್ಟು ಬಿಗಿ ಮಾಡಿದರೆ ಸಾಲದೇ? ಸಿಲಿಕೋನ್ ಹಚ್ಚಬಹುದೇ?

ಟಾರ್ಕ್ ರೆಂಚ್ ಹಿಡಿದು, ಕೈಪಿಡಿ ಹೇಳಿದಷ್ಟು ಬಿಗಿ ಇದೆಯೇ ಎಂದು ಪರೀಕ್ಷಿಸಬಹುದು. ಅದಕ್ಕಿಂತ ಹೆಚ್ಚು ಬಿಗಿದರೆ ರಾಕರ್ ಕವರ್‌ನ ತೆಳು ತಗಡು ಸ್ಕ್ರೂಗಳ ಬಳಿ ತಗ್ಗಿ, ನಡುವೆ ಉಬ್ಬಿ, ಸೋರಿಕೆ ಹೆಚ್ಚುತ್ತದೆ. ಹೊರಗಿನಿಂದ ಸಿಲಿಕೋನ್ ಬಳಿಯುವುದು ಸೋರಿಕೆ ಮುಚ್ಚುವುದಿಲ್ಲ, ಮರೆಮಾಡುತ್ತದೆ. ಒಳಗೆ ಹಿಂಡಿದ ಸಿಲಿಕೋನ್ ಚೂರು ಕಳಚಿ ಆಯಿಲ್ ದಾರಿಗೆ ಸಿಕ್ಕಿಕೊಂಡರೆ ಗ್ಯಾಸ್ಕೆಟ್ಟಿನ ಬೆಲೆಯಲ್ಲಿ ಮುಗಿಯಬೇಕಾದದ್ದು ಬೇರಿಂಗ್‌ವರೆಗೆ ಹೋಗುತ್ತದೆ.

ನೆಲದ ಮೇಲೆ ಓಡಿಸಿದಾಗ ಏನೂ ಸೋರಲಿಲ್ಲ. ಹಾರಿ ಬಂದರೆ ಮತ್ತೆ ಒದ್ದೆ.

ಇದು ಆಗುವಂಥದ್ದೇ. ಪೂರ್ಣ ಶಕ್ತಿ, ಪೂರ್ಣ ಬಿಸಿ ಮತ್ತು ಕೌಲಿಂಗ್ ಒಳಗಿನ ಗಾಳಿಯ ಒತ್ತಡ ಸೇರಿದಾಗಲೇ ಕೆಲವು ಸಂದುಗಳು ಬಾಯಿ ಬಿಡುತ್ತವೆ. ಸೋರಿಕೆ ಸಣ್ಣದು, ಅಪಾಯವಿಲ್ಲ ಎಂದು ಎಎಂಇ ಒಪ್ಪಿ ಬಿಟ್ಟರೆ, ನಿಲ್ದಾಣ ಬಿಟ್ಟು ದೂರ ಹೋಗದೆ ಒಂದು ಸಣ್ಣ ಹಾರಾಟ ಮಾಡಿ ಕೂಡಲೇ ಕೌಲಿಂಗ್ ತೆಗೆದು ನೋಡಿ. ಹಾರಾಟದಲ್ಲಿ ಆಯಿಲ್ ಒತ್ತಡ ಇಳಿದು ಬಿಸಿ ಏರಿದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು, ಇಳಿದುಬಿಡಿ. ಮಧ್ಯಾಹ್ನ ಮುಗಿಸಿ ಮರುದಿನ ನೋಡೋಣ ಎಂದರೆ ರಾತ್ರಿ ಪೂರ್ತಿ ಆಯಿಲ್ ಇಳಿದು ಮೊದಲಿನ ಗೊಂದಲವೇ ಮತ್ತೆ.

ನಮ್ಮದು ರೋಟ್ಯಾಕ್ಸ್. ಇದೆಲ್ಲ ಅನ್ವಯಿಸುತ್ತದೆಯೇ?

ಕ್ರಮ ಒಂದೇ, ವಿವರ ಬೇರೆ. ಬೆಂಗಳೂರಿನಲ್ಲೇ ಎನ್‌ಎಎಲ್ (ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ) ರೂಪಿಸಿದ ಹಂಸ-3 ವಿಮಾನದಲ್ಲಿರುವುದು ರೋಟ್ಯಾಕ್ಸ್ 914. ಈ ಬಗೆಯ ಎಂಜಿನ್‌ಗಳಲ್ಲಿ ಆಯಿಲ್ ಬೇರೆ ಟ್ಯಾಂಕ್‌ನಲ್ಲಿರುತ್ತದೆ, ಸಿಲಿಂಡರ್ ಹೆಡ್‌ಗಳನ್ನು ತಣಿಸುವುದು ದ್ರವ. ಆದ್ದರಿಂದ ಒದ್ದೆ ಕಂಡಾಗ ಅದು ಕೂಲೆಂಟ್ ಇರಬಹುದೇ ಎಂಬ ಪ್ರಶ್ನೆಯೂ ಸೇರುತ್ತದೆ. ಆಯಿಲ್ ಮಟ್ಟ ನೋಡುವ ಮೊದಲು ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿ ಆಯಿಲನ್ನು ಟ್ಯಾಂಕ್‌ಗೆ ಮರಳಿಸಬೇಕು. ಇಗ್ನಿಷನ್ ಸ್ವಿಚ್‌ಗಳೆರಡೂ ಆಫ್ ಇವೆಯೆಂದು ನೋಡಿಕೊಂಡು, ತಿರುಗುವ ದಿಕ್ಕಿನಲ್ಲಿ ಮಾತ್ರ. ಆ ಕ್ರಮ ತಪ್ಪಿ ಮಟ್ಟ ಕಡಿಮೆಯಿದೆಯೆಂದು ತುಂಬಿದವರೇ ಆಮೇಲೆ ಸೋರಿಕೆ ಎಂದು ದೂರುವುದುಂಟು. ಇಗ್ನಿಷನ್‌ನ ಎಲೆಕ್ಟ್ರಾನಿಕ್ ಘಟಕಗಳ ಮೇಲೆ ದ್ರಾವಕ ಬೀಳಬಾರದು.

ತೊಳೆದ ಕೊಳೆಯನ್ನು ಏನು ಮಾಡುವುದು?

ತಟ್ಟೆಯಲ್ಲಿ ಹಿಡಿದದ್ದನ್ನು ಚರಂಡಿಗೆ ಸುರಿಯುವಂತಿಲ್ಲ. ಚರಂಡಿ ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ ಸೇರುವ ಊರು ಇದು. ಜಕ್ಕೂರು ಕೆರೆ ಪಕ್ಕದಲ್ಲೇ ಇದೆ, ಬೆಳ್ಳಂದೂರು ಕೆರೆ ಹೊತ್ತಿ ಉರಿದದ್ದನ್ನೂ ನೋಡಿದ್ದೇವೆ. ಅಪಾಯಕಾರಿ ತ್ಯಾಜ್ಯಗಳ 2016ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ಅಧಿಕೃತ ಮರುಬಳಕೆದಾರರಿಗೇ ಕೊಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಿ. ದ್ರಾವಕ ಬೆರೆತದ್ದನ್ನು ಬರಿಯ ಆಯಿಲ್ ಜೊತೆ ಸುರಿಯದೆ ಬೇರೆ ಡಬ್ಬದಲ್ಲಿ, ಹೆಸರು ಬರೆದು ಇಡಿ. ಒರೆಸಿದ ಬಟ್ಟೆಗಳು ಮುಚ್ಚಳವಿರುವ ಲೋಹದ ಡಬ್ಬಕ್ಕೆ, ಆ ಡಬ್ಬ ಹ್ಯಾಂಗರ್ ಹೊರಗೆ.